ಜಾಣಪ್ಪನ ಆಟ, ದುರ್ಗಯ್ಯನ ಊಟ

ಮಾಯಸಂದ್ರ
9-2-1981

ಮೈಸೂರಿನ ಇಂಗ್ಲಿಷ್ ಮೇಡಂ ಶಾಂತಕುಮಾರಿಗೆ ಇಂಗ್ಲಿಷ್ ಬಾರದ ಚಿಕ್ಕಪ್ಪ ರೇವಣಸಿದ್ದಯ್ಯನ ಆಶೀರ್ವಾದಗಳು.

ಉಭಯ ಕುಶಲೋಪರಿ ಅಂತ ಬರೀಬೇಕು. ಕುಶಲ ನನ್ನ ಪಾಲಿಗೆ, ಉಪರಿ ಕೋತಿಗಳ ಪಾಲಿಗೆ. ಮನೆ ಮೇಲೆ ಒಂದು ಹೆಂಚೂ ನೆಟ್ಟಗಿಲ್ಲ. ನಿಮ್ಮಪ್ಪ ಸದಾಶಿವಯ್ಯನವರು ಚೆನ್ನಾಗಿದ್ದಾರೆ, ಅವರ ಕೊಬ್ಬರಿ ವ್ಯಾಪಾರವೂ ಬೈಗುಳವೂ ಜೋರಾಗಿ ನಡೀತಿವೆ. ನಿಮ್ಮಮ್ಮನಿಗೆ ಮಂಡಿ ನೋವು.

ಈಗ ನನ್ನ ಪೇಚಾಟ ಕೇಳು. ನಮ್ಮ ಶಂಭುಲಿಂಗಯ್ಯನ ಟೆಂಟ್ ಸಿನಿಮಾಕ್ಕೆ ಬೆಂಗಳೂರಿನಿಂದ ಕನ್ನಡ ಚಿತ್ರದ ಡಬ್ಬ ಬರಬೇಕಿತ್ತು. ಬರಲಿಲ್ಲ. ಬದಲಿಗೆ ಅಮೆರಿಕಾದ್ದೊಂದು ಬಂತು. ಅವನು ಬೆಳಿಗ್ಗೆ ಬೆಳಿಗ್ಗೆ ನಮ್ಮನೆ ಮುಂದೆ ನಿಂತಿದ್ದ.

"ಮೇಷ್ಟ್ರೇ, ನೀವು ಮೈಕ್ ಹಿಡ್ಕಂಡು ಅರ್ಥ ಹೇಳ್ಬೇಕು. ಇಲ್ದಿದ್ರೆ ಜನ ಕುರ್ಚಿ ಮುರೀತಾರೆ."

"ನಿನ್ನ ಟೆಂಟಿನಾಗೆ ಕುರ್ಚಿ ಎಲ್ಲವಪ್ಪಾ? ಎಲ್ಲಾರೂ ನೆಲದ ಮೇಲೆ ಕೂರ್ತಾರೆ."

"ಅದ್ಕೇ ಹೇಳಿದ್ದು. ಕುರ್ಚಿ ಸಿಗದೆ ನನ್ನ ಬೆನ್ನು ಮುರೀತಾರೆ!"

ನಾನು ಡ್ರಿಲ್ ಮೇಷ್ಟ್ರು. ಲೆಫ್ಟು, ರೈಟು ಅಂತ ಎರಡೇ ಪದದಲ್ಲಿ ಸರ್ವೀಸ್ ಮುಗಿಸಿ ಪೆನ್ಷನ್ ತಗೊಂಡವನು. ಆದರೂ ಒಪ್ಪಿಕೊಂಡೆ. ಚಪಲ. ಮೊದಲ ಆಟದಲ್ಲಿ ಬಾಯಿಗೆ ಬಂದಿದ್ದು ಹೇಳಿದೆ. ಒಬ್ಬ ಹುಡುಗ ದೊಣ್ಣೆ ಹಿಡಿದು ನಿಲ್ತಾನೆ, ಇನ್ನೊಬ್ಬ ಚೆಂಡು ಎಸೀತಾನೆ, ಹೊಡೆದವನು ಚೆಂಡನ್ನ ಬಿಟ್ಟು ಸುಮ್ಮನೆ ಸುತ್ತ ಓಡ್ತಾನೆ. ಯಾಕೆ ಓಡ್ತಾನೆ? ಯಾರಿಗೆ ಹೆದರಿ? ನನಗೇ ತಿಳೀಲಿಲ್ಲ. ಸಾಲ ಕೊಟ್ಟವರು ಬಂದರು ಅಂದುಬಿಟ್ಟೆ. ಜನ ಒಪ್ಪಿಕೊಂಡರು, ಆದರೆ ಕಡೆಯಲ್ಲಿ ಅವನು ಹೊಡೆದ ಕೂಡಲೆ ಮಳೆ ಯಾಕೆ ಬಂತು ಅಂತ ಕೇಳಿದರು. ಇದಕ್ಕೆ ಉತ್ತರ ಕೊಡದೆ ನಾನು ಊರಲ್ಲಿ ಓಡಾಡುವ ಹಾಗಿಲ್ಲ. ಕೂತಲ್ಲಿ ಕೂರಲಾಗದೆ ದಿನಕ್ಕೆ ನಾಲ್ಕು ಸಲ ಬಸ್ ಸ್ಟ್ಯಾಂಡಿಗೆ ಹೋಗಿ ಬರ್ತಿದೀನಿ. ಬೇಗ ಬರಿ.

ನಿನ್ನ ಚಿಕ್ಕಪ್ಪ,
ರೇವಣಸಿದ್ದಯ್ಯ


ಮೈಸೂರು
13-2-1981

ಪೂಜ್ಯ ಚಿಕ್ಕಪ್ಪನವರಿಗೆ ಶಾಂತಕುಮಾರಿಯ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕೆ. ಪಕ್ಕದ ಮೇಜಿನವರು ಗಾಬರಿಯಾದರು. ಆ ಚಿತ್ರವನ್ನು ನಮ್ಮ ಫಿಲ್ಮ್ ಸೊಸೈಟಿಯಲ್ಲಿ ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಅಂಥ ಆಟದ ಚಿತ್ರಗಳ ಮೇಲೆಯೇ ಒಂದು ಪ್ರಬಂಧ ಬರೆಯುತ್ತಿದ್ದೇನೆ. ಏಪ್ರಿಲ್ ಕೊನೆಯಲ್ಲಿ ಇಲ್ಲೊಂದು ವಿಚಾರ ಸಂಕಿರಣ ಇದೆ, ಅಲ್ಲಿ ಓದಬೇಕು.

ಆಟದ ಹೆಸರು ಬೇಸ್‌ಬಾಲ್. ಹೊಡೆದವನು ಯಾರಿಗೂ ಹೆದರಿ ಓಡುವುದಿಲ್ಲ. ಮೈದಾನದಲ್ಲಿ ನಾಲ್ಕು ಮೂಲೆ ಗುರುತು ಮಾಡಿರುತ್ತಾರೆ, ಅವನ್ನೆಲ್ಲ ಮುಟ್ಟಿ ಹೊರಟ ಜಾಗಕ್ಕೇ ವಾಪಸ್ಸು ಬರಬೇಕು. ಆ ಜಾಗವನ್ನು ಅವರು ಮನೆ ಅಂತಲೇ ಕರೆಯುತ್ತಾರೆ. ಮನೆಯಿಂದ ಹೊರಟು ಮನೆ ಸೇರಿದರೆ ಒಂದು ಅಂಕ.

ಮಳೆ ಯಾಕೆ ಬಂತು ಅನ್ನುವುದೇ ನನ್ನ ಪ್ರಬಂಧದ ವಿಷಯ. ಕಥೆ ನಡೆಯುವುದು 1930ರ ದಶಕದಲ್ಲಿ. ಆಗ ಅಲ್ಲಿ ಕೆಲಸವಿಲ್ಲದ ಜನ ಗಂಜಿಗೆ ಸಾಲು ನಿಂತಿದ್ದರು, ಧೂಳಿನ ಬಿರುಗಾಳಿಗೆ ಹೊಲ ಬಿಟ್ಟು ಗುಳೆ ಹೋಗಿದ್ದರು. ಚಿತ್ರದಲ್ಲೂ ಹಸಿವು ಇದೆ, ಆದರೆ ಆ ಹಸಿವು ನೋಡಲು ಚೆನ್ನಾಗಿದೆ. ಬಡವರೆಲ್ಲ ಒಳ್ಳೆಯವರು, ಪಟ್ಟಣದವರೆಲ್ಲ ಮೋಸಗಾರರು. ಹಳ್ಳಿಯ ಹುಡುಗನೊಬ್ಬ ತನ್ನ ಬಿದ್ದುಹೋದ ಮನೆಯ ತೊಲೆಯಿಂದ ದೊಣ್ಣೆ ಕೆತ್ತಿಕೊಂಡು ಬರುತ್ತಾನೆ, ಅವನ ಹೊಡೆತಕ್ಕೆ ಬರಗಾಲವೇ ಮುಗಿಯುತ್ತದೆ. ಕಷ್ಟದ ಕಾಲವೊಂದನ್ನು ಅವರು ಪುರಾಣ ಮಾಡಿಕೊಂಡಿದ್ದಾರೆ, ಚಿಕ್ಕಪ್ಪ. ತಮ್ಮ ಹಿಂದಿನವರು ಹೀಗಿದ್ದರು ಅಂತ ನಂಬುವುದಕ್ಕೆ ಅವರಿಗೆ ಇಂಥ ಚಿತ್ರ ಬೇಕು.

ಇದನ್ನೇ ಸರಳವಾಗಿ ಜನರಿಗೆ ಹೇಳಿ. ದಯವಿಟ್ಟು ಬಣ್ಣ ಹಚ್ಚಬೇಡಿ.

ನಿಮ್ಮ,
ಶಾಂತಾ


ಮಾಯಸಂದ್ರ
18-2-1981

ಶಾಂತಮ್ಮಾ,

ಬಣ್ಣ ಹಚ್ಚಬೇಡಿ ಅಂದೆಯಲ್ಲ, ಹಚ್ಚಲಿಲ್ಲ. ನೀನೇ ಹಚ್ಚಿ ಕಳಿಸಿದ್ದೆ, ನಾನು ಒಂದು ಕೈ ಪಾಲಿಶ್ ಹೊಡೆದೆ ಅಷ್ಟೆ.

ನಾಯಕನ ಹೆಸರು ಜಾನ್. ನಾನು ಜಾಣಪ್ಪ ಅಂದೆ. ಬೇಸ್‌ಬಾಲ್ ಅಂದರೆ ಬೇಸ್ತು ಬಿದ್ದೋರ ಬಾಲ್ ಅಂದೆ. ಪುರಾಣ ಅಂತ ನೀನು ಬರೆದಿದ್ದೆಯಲ್ಲ, ಆ ಮಾತನ್ನ ಗಟ್ಟಿಯಾಗಿ ಹಿಡಿದುಕೊಂಡೆ. ಆ ದೊಣ್ಣೆ ಬರೀ ದೊಣ್ಣೆಯಲ್ಲ, ಭೀಮನ ಗದೆ ಹುಣಸೆ ತೊಲೆಯಾಗಿ ಹುಟ್ಟಿ ಅಮೆರಿಕಾ ಸೇರಿತ್ತು ಅಂದೆ. ನಾಲ್ಕು ಮೂಲೆಗೆ ನಾಲ್ಕು ದಿಕ್ಪಾಲಕರನ್ನ ಕೂರಿಸಿದೆ. ಕೊನೇ ಹೊಡೆತಕ್ಕೆ ಮಳೆ ಸುರೀತು ನೋಡು, ಮುಂದಿನ ಸಾಲಿನಲ್ಲಿದ್ದ ಒಬ್ಬಳು ಅಜ್ಜಿ ಎದ್ದು ಕೈ ಮುಗಿದಳು. ಇದು ದೇವರ ಚಿತ್ರ ಅಂತ ಊರೆಲ್ಲ ಸುದ್ದಿಯಾಯ್ತು. ಮಾರನೇ ದಿನ ಜನ ಮಡಿಲಲ್ಲಿ ತೆಂಗಿನಕಾಯಿ ಕಟ್ಟಿಕೊಂಡು ಬಂದರು. ಪರದೆ ಮುಂದೆ ಒಂದು ಚಪ್ಪಡಿ ಹಾಕಿಸಿದ್ದಾಯ್ತು. ಜಾಣಪ್ಪ ಹೊಡೆದಾಗೆಲ್ಲ ಇವರು ಈಡುಗಾಯಿ ಒಡೀತಾರೆ. ನಮ್ಮ ಕಡೆ ಕಾಯಿಗೇನು ಬರವೇ? ಒಂದು ಚೂರು ಹಾರಿ ಪರದೆ ಹರಿದು ಜಾಣಪ್ಪನ ಮೂಗಿನ ಜಾಗದಲ್ಲಿ ತೂತು ಬಿದ್ದಿದೆ. ಶಂಭುಲಿಂಗಯ್ಯ ಬೆಂಗಳೂರಿಗೆ ಫೋನ್ ಮಾಡಿ ಕನ್ನಡ ಚಿತ್ರ ಸದ್ಯಕ್ಕೆ ಬೇಡ ಅಂದಿದ್ದಾನೆ.

ಒಂದು ಮಾತು. ಲಕ್ಕಯ್ಯ ಗೊತ್ತಲ್ಲ, ನಿಮ್ಮಪ್ಪನ ಕೊಬ್ಬರಿ ಅಂಗಳದಲ್ಲಿ ಕಾಯಿ ಸುಲಿಯೋನು, ಚಿಕ್ಕಗಂಗಮ್ಮನ ಗಂಡ. ಅವನು ಮೂರು ಸಲ ಚಿತ್ರ ನೋಡಿದ್ದಾನೆ. ಆಟ ಮುಗಿದ ಮೇಲೆ ಹೊರಗೆ ಬೀಡಿ ಹಚ್ಚಿಕೊಂಡು ನಿಂತಿದ್ದ.

"ಮೇಷ್ಟ್ರೇ, ಆ ದೇಶದಾಗೆ ನಮ್ಮಂಥೋರು ಇಲ್ವಾ?"

"ಇಲ್ದೆ ಏನ್ಲಾ, ಇರ್ತಾರೆ."

"ಮತ್ತೆ ಯಾಕೆ ಒಬ್ಬನೂ ಆಡಾಕಿಲ್ಲ?"

ನಗಿಸಿ ತಪ್ಪಿಸಿಕೊಂಡೆ. ಅವನು ನಗಲಿಲ್ಲ. ಯುಗಾದಿ ಕಳೆದು ತುರುವೇಕೆರೇಲಿ ತಾಲ್ಲೂಕು ಕಬಡ್ಡಿ ಪಂದ್ಯ ಇದೆ, ನಿಮ್ಮಪ್ಪನ ತಂಡ ಹೋಗ್ತದೆ. ತನ್ನ ಮಗ ದುರ್ಗಯ್ಯ ಈ ಸಲವಾದರೂ ಆ ಏಳು ಜನರಲ್ಲಿ ಒಬ್ಬನಾಗಬೇಕು ಅಂತ ಲಕ್ಕಯ್ಯನ ಆಸೆ. "ಯಜಮಾನ್ರಿಗೆ ನೀವೊಂದು ಮಾತು ಹೇಳಿ" ಅಂದ. ಹೂಂ ಅಂದೆ. ಇನ್ನೂ ಹೇಳಿಲ್ಲ. ಹೇಳಬೇಕು ಅಂತ ದಿನಾ ಅಣ್ಣನ ಕೊಬ್ಬರಿ ಮಂಡಿ ತನಕ ಹೋಗ್ತೀನಿ, ರೇಟು ಕೇಳಿಕೊಂಡು ಬರ್ತೀನಿ.

ಚಿಕ್ಕಪ್ಪ


ಮೈಸೂರು
23-2-1981

ಪೂಜ್ಯ ಚಿಕ್ಕಪ್ಪನವರಿಗೆ,

ಭೀಮನ ಗದೆ! ನಾನು ಪುರಾಣ ಬಿಡಿಸಿ ತೋರಿಸಿದರೆ ನೀವು ಅದರ ಮೇಲೆ ಇನ್ನೊಂದು ಪುರಾಣ ಹೊದಿಸಿದ್ದೀರಿ. ಆದರೂ ತೆಂಗಿನಕಾಯಿಯ ಸಂಗತಿಯನ್ನು ಅಡಿಟಿಪ್ಪಣಿಯಲ್ಲಾದರೂ ಸೇರಿಸಲೇಬೇಕು ಅಂತಿದ್ದೇನೆ.

ಲಕ್ಕಯ್ಯ ಕೇಳಿದ ಪ್ರಶ್ನೆಯನ್ನು ನಮ್ಮ ಸೊಸೈಟಿಯಲ್ಲಿ ಯಾರೂ ಕೇಳಲಿಲ್ಲ. ಅವನಿಗೆ ಹೀಗೆ ಹೇಳಿ. ಆ ಕಾಲದಲ್ಲಿ ಕಪ್ಪು ಜನ ಆ ಆಟವನ್ನು ಸೊಗಸಾಗಿ ಆಡುತ್ತಿದ್ದರು. ಆದರೆ ದೊಡ್ಡ ತಂಡಗಳಲ್ಲಿ ಅವರಿಗೆ ಜಾಗ ಇರಲಿಲ್ಲ. ತಮ್ಮದೇ ಬೇರೆ ತಂಡ ಕಟ್ಟಿಕೊಂಡು ಊರೂರು ತಿರುಗಿ ಆಡುತ್ತಿದ್ದರು. ಎಷ್ಟೋ ಊರಲ್ಲಿ ಅವರಿಗೆ ಹೋಟೆಲಿನಲ್ಲಿ ಊಟ, ರೂಮು ಸಿಗುತ್ತಿರಲಿಲ್ಲ, ಬಸ್ಸಿನಲ್ಲೇ ಮಲಗುತ್ತಿದ್ದರು. ಅವರನ್ನು ಸೇರಿಸಬಾರದು ಅಂತ ಎಲ್ಲೂ ಕಾನೂನು ಬರೆದಿರಲಿಲ್ಲ. ತಂಡದ ಯಜಮಾನರು ತಮ್ಮತಮ್ಮಲ್ಲೇ ಹಾಗೆ ನಡೆಸಿಕೊಂಡು ಬಂದಿದ್ದರು. ಆ ಬಾಗಿಲು ತೆರೆದಿದ್ದು ನಮಗೆ ಸ್ವಾತಂತ್ರ್ಯ ಬಂದ ವರ್ಷ.

ನಿಮ್ಮ ಜಾಣಪ್ಪನ ಚಿತ್ರದಲ್ಲಿ ಇರುವುದು ಒಬ್ಬನೇ ಕಪ್ಪು ಮನುಷ್ಯ. ದೊಣ್ಣೆಗಳ ಚೀಲ ಹೊತ್ತುಕೊಂಡು ಹಿಂದೆ ಬರುವ ಮುದುಕ, ಗಮನಿಸಿದ್ದೀರಾ? ಅವನಿಗೆ ಒಂದು ಮಾತೂ ಇಲ್ಲ. ಇಂಥ ಚಿತ್ರಗಳು ಸುಳ್ಳು ಹೇಳುವುದು ಕಡಿಮೆ, ಚಿಕ್ಕಪ್ಪ. ಬಿಟ್ಟು ಹೇಳುವುದು ಜಾಸ್ತಿ.

ದುರ್ಗಯ್ಯ ಅಷ್ಟು ಚೆನ್ನಾಗಿ ಆಡಿದರೆ ಅಪ್ಪ ಬಿಡುತ್ತಾರೆಯೇ? ಅವರಿಗೆ ಗೆಲ್ಲುವ ಹುಚ್ಚು ನಿಮಗೇ ಗೊತ್ತು. ಹುಡುಗನಿಗೆ ಇನ್ನೂ ಸ್ವಲ್ಪ ಅಭ್ಯಾಸ ಬೇಕೇನೋ.

ಶಾಂತಾ


ಮಾಯಸಂದ್ರ
2-3-1981

ಶಾಂತಮ್ಮಾ,

ಬಿಟ್ಟು ಹೇಳ್ತಾರೆ ಅಂದೆ. ಬಿಟ್ಟಿದ್ದನ್ನ ನಾನು ಸೇರಿಸಿಬಿಟ್ಟೆ.

ಆ ಚೀಲದ ಮುದುಕನಿಗೆ ಕರಿಯಣ್ಣ ಅಂತ ಹೆಸರಿಟ್ಟೆ. ನಮ್ಮ ಕಡೆ ಮನೆಗೊಬ್ಬ ಕರಿಯಣ್ಣ ಇದ್ದಾನೆ, ಯಾರಿಗೂ ಬೇಸರವಿಲ್ಲ. ಮೈಕಿನಲ್ಲಿ ಹೇಳಿದೆ: "ನೋಡ್ರಪ್ಪಾ, ಜಾಣಪ್ಪನಿಗೆ ದೊಣ್ಣೆ ಹಿಡಿಯೋದು ಕಲಿಸಿದೋನು ಇವನೇ. ಜಾಣಪ್ಪನ ಹತ್ತರಷ್ಟು ಹೊಡೀತಿದ್ದ. ಆದ್ರೆ ಇವನನ್ನ ಯಜಮಾನರು ಆಟಕ್ಕೆ ಬಿಡಲಿಲ್ಲ, ಚೀಲ ಹೊರ್ಸಿದ್ರು."

ಆಮೇಲೆ ಹಿಂದಿನಿಂದ ಒಬ್ಬ, "ಯಾಕಂತೆ?" ಅಂದ. ನಾನು, "ಅವರನ್ನೇ ಕೇಳು" ಅಂದೆ. ಜಾಣಪ್ಪ ಹೊಡೆದ, ಒಂದೆರಡು ಕಾಯಿ ಒಡೆದವು. ಕರಿಯಣ್ಣ ಬಗ್ಗಿ ದೊಣ್ಣೆ ಎತ್ತಿಕೊಂಡ ನೋಡು, ಒಂದೇ ಸಲ ಇಪ್ಪತ್ತು ಮೂವತ್ತು ಕಾಯಿ ಬಿದ್ದವು! ಚಪ್ಪಡಿ ಕಾಣದ ಹಾಗೆ. ದಿನಾ ಇದೇ ಆಗ್ತಿದೆ. ಜನ ಈಗ ಜಾಣಪ್ಪನ ಕಡೆ ನೋಡೋದೇ ಇಲ್ಲ, ಆ ಮುದುಕ ಯಾವಾಗ ಬರ್ತಾನೆ ಅಂತ ಪರದೆಯ ಮೂಲೆ ಮೂಲೆ ಹುಡುಕ್ತಾರೆ.

ಮೊನ್ನೆ ನಿಮ್ಮಪ್ಪ ಬಂದಿದ್ದರು. ಪೂರ್ತಿ ನೋಡಿದರು. ಆಮೇಲೆ ನನ್ನನ್ನ ಹೊರಗೆ ಕರೆದು,

"ಲೇ ಸಿದ್ದ, ಆ ಮುದುಕ ಬಾಯೇ ಬುಡಾಕಿಲ್ಲ. ನೀನ್ಯಾಕ್ಲಾ ಅವನ ಬಾಯಿಗೆ ಮಾತು ತುರುಕ್ತೀಯ?"

"ಸಿನಿಮಾ ಕಣಣ್ಣ. ಅಮೆರಿಕಾದ್ದು."

"ನಂಗೂ ಬುದ್ಧಿ ಐತೆ. ಯಾವ ಅಮೆರಿಕಾ ಅಂತ ಗೊತ್ತಾಯ್ತದೆ."

ಟೆಂಟ್ ಹಾಕಿರೋ ಜಾಗ ಅವರದ್ದೇ ಅಲ್ಲವೇ. ನಿನ್ನೆಯಿಂದ ಮೈಕ್ ಇಲ್ಲ. ಆದರೆ ತಮಾಷೆ ಕೇಳು. ನಾನು ಬಾಯಿ ಮುಚ್ಚಿಕೊಂಡು ಕೂತರೆ ನೆಲದ ಮೇಲಿನ ಜನವೇ ಒಕ್ಕೊರಲಿನಿಂದ ಕಥೆ ಹೇಳ್ತಿದ್ದಾರೆ. ಬಾಯಿಪಾಠ ಆಗಿಹೋಗಿದೆ. ನಾನು ಹೇಳದ್ದನ್ನೂ ಸೇರಿಸಿದ್ದಾರೆ, ಕರಿಯಣ್ಣನಿಗೆ ಇಬ್ಬರು ಹೆಣ್ಣುಮಕ್ಕಳಂತೆ.

ದುರ್ಗಯ್ಯನ ವಿಷಯ ಅಣ್ಣನ ಹತ್ತಿರ ಎತ್ತಿದೆ. ಏನಂದರು ಅಂತ ಮುಂದೆ ಬರೀತೀನಿ.

ಚಿಕ್ಕಪ್ಪ


ಮೈಸೂರು
8-3-1981

ಪೂಜ್ಯ ಚಿಕ್ಕಪ್ಪನವರಿಗೆ,

ನಿಮ್ಮ ಕರಿಯಣ್ಣ ನನ್ನ ನಿದ್ದೆ ಕೆಡಿಸಿದ್ದಾನೆ. ಪ್ರಬಂಧವನ್ನು ಮೊದಲಿನಿಂದ ತಿರುಗಿ ಬರೆಯುತ್ತಿದ್ದೇನೆ. ಅಪ್ಪ ಮೈಕ್ ನಿಲ್ಲಿಸಿದ್ದಕ್ಕೆ ನೀವು ಬೇಸರ ಮಾಡಿಕೊಳ್ಳಬೇಡಿ, ಗಲಾಟೆ ಜೋರಾಗಿ ಅಕ್ಕಪಕ್ಕದವರು ದೂರಿರಬೇಕು.

ಕೊನೆಯ ಭಾಗಕ್ಕೆ ನಮ್ಮೂರನ್ನೇ ತಂದಿದ್ದೇನೆ. ಕೇಳಿ: "ಅಮೆರಿಕದ ಆಟದ ಚಿತ್ರಗಳು ತಮ್ಮ ಹಳೆಯ ಮೈದಾನವನ್ನು ಬಿಳಿ ಬಣ್ಣದಲ್ಲೇ ಕಲ್ಪಿಸಿಕೊಂಡಿವೆ. ಆದರೆ ನಮ್ಮ ಹಳ್ಳಿಯ ಮೈದಾನದ ನೆನಪು ಬೇರೆ. ನನ್ನ ತಂದೆ ಕಟ್ಟಿದ ಕಬಡ್ಡಿ ತಂಡದಲ್ಲಿ ಜಾತಿ ಇರಲಿಲ್ಲ. ಮೈ ಮುಟ್ಟದೆ ಕಬಡ್ಡಿಯೇ ಇಲ್ಲ. ಕಾಯಿ ಸುಲಿಯುವ ಲಕ್ಕಯ್ಯ ಉಸಿರು ಕಟ್ಟಿ ಎದುರಾಳಿಗಳ ಮೇಲೆ ನುಗ್ಗುವುದನ್ನು, ಉಳ್ಳವರ ಮಕ್ಕಳು ಅವನ ಕಾಲಿಗೆ ಜೋತುಬೀಳುವುದನ್ನು ಬಾಲ್ಯದಲ್ಲಿ ನಾನು ಮನೆಯ ಕಿಟಕಿಯಿಂದ ದಿನವೂ ನೋಡುತ್ತಿದ್ದೆ."

ಹೇಗಿದೆ? ಇದನ್ನು ಓದಿದಾಗ ಸಭೆ ಎದ್ದು ನಿಲ್ಲುತ್ತದೆ ಅಂತ ನನಗೆ ಆಸೆ. ಅಪ್ಪನಿಗೂ ಒಂದು ಪ್ರತಿ ಕಳಿಸುತ್ತೇನೆ. ದುರ್ಗಯ್ಯನ ಬಗ್ಗೆ ಅವರು ಏನಂದರು, ನೀವು ಬರೆಯಲೇ ಇಲ್ಲ.

ಶಾಂತಾ


ಮಾಯಸಂದ್ರ
12-3-1981

ಮಗಳೇ,

ಈ ಕಾಗದ ಮೂರು ಸಲ ಬರೆದು ಹರಿದೆ. ತಮಾಷೆಯಾಗಿ ಬರೆಯೋಣ ಅಂತ ನೋಡಿದೆ, ಬರಲಿಲ್ಲ.

ನೀನು ಕಿಟಕಿಯಿಂದ ನೋಡಿದ್ದು ನಿಜ. ಆದರೆ ನೀನು ನೋಡಿದ್ದು ಅಭ್ಯಾಸ. ಪಂದ್ಯ ಬೇರೆ ಊರಲ್ಲಿ ನಡೀತಿತ್ತು, ಹೆಣ್ಣುಮಕ್ಕಳನ್ನ ಯಾರು ಕರ್ಕೊಂಡು ಹೋಗ್ತಿದ್ದರು?

ಲಕ್ಕಯ್ಯ ಒಂದು ಪಂದ್ಯವನ್ನೂ ಆಡಿದವನಲ್ಲ ಶಾಂತು. ಅವನ ವಯಸ್ಸೆಲ್ಲ ಅಭ್ಯಾಸದಲ್ಲೇ ಹೋಯ್ತು. ದಿನಾ ಸಂಜೆ ಅಂಕಣ ಅಗೆದು ಮಣ್ಣು ಮೆದು ಮಾಡೋನು, ಇವರ ಮೇಲೆ ನುಗ್ಗಿ ಇವರಿಗೆ ಹಿಡಿತ ಕಲಿಸೋನು. ಆಟ ಮುಗಿದ ಮೇಲೆ ಎಲ್ಲರೂ ಪಂಪ್‌ಸೆಟ್ಟಿನ ನೀರಿಗೆ ಮೈ ಒಡ್ಡಿದರೆ ಮುಟ್ಟಿದ್ದು ತೊಳೆದುಹೋಯ್ತು. ಪಂದ್ಯದ ದಿನ ಮಾತ್ರ ಅವನು ಅಂಗಳದಲ್ಲೇ ಕಾಯಿ ಸುಲೀತಿದ್ದ.

ಬರಬೇಡ ಅಂತ ಯಾರೂ ಅನ್ನಲಿಲ್ಲ. ನಿಮ್ಮಜ್ಜನ ಕಾಲದ ಪದ್ಧತಿ ನಿನಗೆ ಗೊತ್ತಲ್ಲ, ಪಂದ್ಯದ ಬೆಳಿಗ್ಗೆ ಆಡೋರಿಗೆಲ್ಲ ನಮ್ಮನೆ ಪಡಸಾಲೇಲಿ ಸಾಲಾಗಿ ಎಲೆ ಹಾಕಿ ಊಟ. ಊಟ ಮಾಡಿ ಎದ್ದವರಿಗೆ ಮನೆ ಹೆಂಗಸರು ಆರತಿ ಮಾಡಿ ತಂಡದ ಅಂಗಿ ಕೊಡ್ತಾರೆ. ಅಂಗಿ ಇಲ್ಲದವನು ಆಡೋ ಹಾಗಿಲ್ಲ. ಪಡಸಾಲೇಲಿ ಲಕ್ಕಯ್ಯ ಕೂರೋ ಹಾಗಿಲ್ಲ. ಅಷ್ಟೆ. ಎಲ್ಲೂ ಬರೆದಿಲ್ಲ, ನಿನ್ನ ಅಮೆರಿಕಾದ ಯಜಮಾನರ ಹಾಗೆಯೇ.

ದುರ್ಗಯ್ಯನ ಬಗ್ಗೆ ಕೇಳಿದ್ದಕ್ಕೆ ನಿಮ್ಮಪ್ಪ ಅಂದಿದ್ದು: "ಆಟಕ್ಕೆ ಬ್ಯಾಡ ಅಂತ ನಾನೆಲ್ಲಿ ಅಂದೆ? ಆ ಹುಡ್ಗ ಬಂಗಾರ. ಕಾಲು ಉಳುಕಿದಾಗ ತಿಪಟೂರು ಆಸ್ಪತ್ರೆಗೆ ನಾನೇ ಕರ್ಕಂಡು ಹೋಗಿರ್ಲಿಲ್ವಾ? ಊಟದ ಪದ್ಧತಿ ನಂದಲ್ಲ ಕಣ್ಲಾ, ಅಪ್ಪಂದು."

ಅವರು ಕೆಟ್ಟವರಲ್ಲ. ಅದೇ ನನಗೆ ಕಷ್ಟ. ತಂಡದ ನಾಯಕ ಬೆಟ್ಟಸ್ವಾಮಿ ದುರ್ಗಯ್ಯ ಬೇಕು ಅಂತಾನೆ, ಅಣ್ಣನ ಎದುರು ನಿಂತರೆ ನೆಲ ನೋಡ್ತಾನೆ. ಪಂದ್ಯಕ್ಕೆ ಇನ್ನು ಒಂದು ತಿಂಗಳು. ಆ ಕೊನೆಯ ಭಾಗ ಓದಬೇಡ ಕಣಮ್ಮ.

ಚಿಕ್ಕಪ್ಪ


ಮೈಸೂರು
17-3-1981

ಚಿಕ್ಕಪ್ಪನವರಿಗೆ,

ಚಿಕ್ಕಂದಿನಲ್ಲಿ ಹುಣಸೆಬೀಜ ನುಂಗಿದರೆ ಕಿವಿಯಲ್ಲಿ ಗಿಡ ಬರುತ್ತದೆ ಅಂತ ಹೆದರಿಸಿ, ನಾನು ಮಲಗಿದ್ದಾಗ ಕಿವಿಗೆ ಚಿಗುರು ಸಿಕ್ಕಿಸಿದವರು ನೀವು. ನನಗೆ ಕೆಲಸ ಸಿಕ್ಕಿತೆಂದು ಎರಡು ಸಲ ಸುಳ್ಳು ಟೆಲಿಗ್ರಾಂ ಕೊಟ್ಟವರೂ ನೀವೇ. ಈಗ ಚಿತ್ರದಲ್ಲಿ ಇಲ್ಲದ ಕಥೆ ಸೇರಿಸಿ ಊರನ್ನೇ ಕುಣಿಸುತ್ತಿದ್ದೀರಿ. ಇದೂ ಮೈಕಿನ ಕಥೆಯೇ?

ಅಪ್ಪ ಹಾಗಲ್ಲ. ಮೈಕ್ ಕಿತ್ತುಕೊಂಡ ಸಿಟ್ಟನ್ನು ಹೀಗೆ ತೀರಿಸಿಕೊಳ್ಳಬೇಡಿ.

ಶಾಂತಕುಮಾರಿ


ಮಾಯಸಂದ್ರ
26-3-1981
(ಪೋಸ್ಟ್ ಕಾರ್ಡ್)

ಶಾಂತಮ್ಮಾ, ಕಾಗದ ಇಲ್ಲ, ಸುದ್ದಿ ಇಲ್ಲ. ಕಾರ್ಡನ್ನ ಅಂಚೆಯವನು ಓದ್ತಾನೆ, ಅದಕ್ಕೇ ವಿಷಯ ಬರೀತಿಲ್ಲ. ಓದಿದ್ದರೆ ಅವನಿಗೂ ನಮಸ್ಕಾರ. ಸಿನಿಮಾ ಡಬ್ಬ ಬೆಂಗಳೂರಿಗೆ ವಾಪಸ್ ಹೋಯ್ತು. ಬಸ್ಸಿನ ಮೇಲೆ ಡಬ್ಬ ಕಟ್ಟುವಾಗ ಜನ ಅದಕ್ಕೂ ಒಂದು ಕಾಯಿ ಒಡೆದರು. ಸುಳ್ಳು ಟೆಲಿಗ್ರಾಂ ಕೊಟ್ಟಿದ್ದು ನಿಜ. ಮೂರನೇದು ನಿಜವಾದ್ದು ಬಂದಾಗ ನೀನು ನಂಬದೆ ಒಂದು ದಿನ ತಡವಾಗಿ ಹೋದೆ. ಅದು ನೆನಪಿರಲಿ. ಚಿಕ್ಕಪ್ಪ


ಮೈಸೂರು
3-4-1981

ಪೂಜ್ಯ ಚಿಕ್ಕಪ್ಪನವರಿಗೆ,

ನಿಮ್ಮ ಕಾಗದ ಸುಳ್ಳು ಅಂತ ತೋರಿಸುವುದಕ್ಕೆ ಅಮ್ಮನಿಗೆ ಬರೆದೆ. ಒಂದೇ ಸಾಲು ಕೇಳಿದ್ದು: ಅಮ್ಮಾ, ಪಂದ್ಯದ ದಿನ ಲಕ್ಕಯ್ಯ ನಮ್ಮ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದು ನಿನಗೆ ನೆನಪಿದೆಯಾ?

ಅಮ್ಮನ ಉತ್ತರ ಬಂತು. ಎರಡು ಪುಟ. ಮಾವಿನ ಮಿಡಿ ಸಿಕ್ಕಿಲ್ಲ, ಮಂಡಿಗೆ ಎಣ್ಣೆ ಹಚ್ಚುತ್ತಿದ್ದೇನೆ, ಹಸು ಕರು ಹಾಕಿದೆ, ನೀನು ಸರಿಯಾಗಿ ಊಟ ಮಾಡು. ಕೊನೆಯಲ್ಲಿ ಇಷ್ಟೇ: "ಅದನ್ನೆಲ್ಲ ಈಗ ಯಾಕೆ ಕೇಳುತ್ತೀಯೆ?"

ಅಲ್ಲಿಂದ ನನಗೆ ಒಂದು ಕಡೆ ನಿಲ್ಲಲಾಗುತ್ತಿಲ್ಲ. ಪಾಠ ಮಾಡುವಾಗ ಕಿಟಕಿ ಕಂಡರೆ ಸಾಕು, ಅದೇ ನೆನಪು. ನಾನು ಆ ಊಟದ ದಿನ ಮನೆಯಲ್ಲೇ ಇರುತ್ತಿದ್ದೆ. ಎಲೆ ಒರೆಸಿ ಹಾಕುತ್ತಿದ್ದವಳೇ ನಾನು. ಯಾರು ಕೂತಿದ್ದರು ಅಂತ ಈಗ ಒಬ್ಬೊಬ್ಬರ ಮುಖವೂ ನೆನಪಾಗುತ್ತಿದೆ. ಅವನು ಇರಲಿಲ್ಲ. ಇರಲಿಲ್ಲ ಅನ್ನುವುದು ಇಷ್ಟು ವರ್ಷ ನನಗೆ ಕಾಣಲಿಲ್ಲ.

ಅಪ್ಪನಿಗೆ ಬರೆದಿದ್ದೇನೆ. ಉತ್ತರ ಬಂದಿಲ್ಲ. ಪರೀಕ್ಷೆಯ ಕೆಲಸ ಇದೆ, ಅದಕ್ಕೆ ಪಂದ್ಯದ ದಿನ ಊರಿಗೆ ಬರಲಾಗುವುದಿಲ್ಲ ಅಂತ ಇಲ್ಲಿ ಮೊದಲು ಬರೆದು ಹೊಡೆದು ಹಾಕಿದೆ. ಅಪ್ಪನ ಎದುರು ನಿಲ್ಲಲು ನನಗೆ ಹೆದರಿಕೆ, ಚಿಕ್ಕಪ್ಪ. ಅಷ್ಟೇ ಕಾರಣ.

ಪ್ರಬಂಧದ ಕೊನೆಯ ಭಾಗ ತೆಗೆದಿದ್ದೇನೆ. ಅಲ್ಲಿ ಏನು ಬರೆಯಲಿ ಗೊತ್ತಿಲ್ಲ. ದುರ್ಗಯ್ಯನಿಗೆ ಅಂಗಿ ಸಿಕ್ಕಿತೇ, ಇಲ್ಲವೇ ಅಷ್ಟು ತಿಳಿಸಿ. ನಡೆದದ್ದನ್ನು ನಡೆದ ಹಾಗೆ ಬರೆಯಿರಿ.

ಶಾಂತಾ


ಮಾಯಸಂದ್ರ
14-4-1981

ಮಗಳೇ ಶಾಂತು,

ನಡೆದ ಹಾಗೆ ಬರೀ ಅಂದೆ. ನನ್ನಂಥವನಿಗೆ ಉಪ್ಪಿಲ್ಲದ ಪಥ್ಯ. ಆದರೂ ಪ್ರಯತ್ನ ಪಡ್ತೀನಿ.

ದುರ್ಗಯ್ಯ ಆಡಿದ. ಮೊದಲನೇ ಪಂದ್ಯ ಗೆದ್ದೆವು, ಎರಡನೇದರಲ್ಲಿ ಸೋತೆವು. ಸೋಲಿಗೆ ಅವನೇ ಕಾರಣ ಅಂತ ಇಬ್ಬರು ಮೂವರು ಅಂದರು, ಗೆಲುವಿಗೆ ಅವನೇ ಕಾರಣ ಅಂತ ಯಾರೂ ಅನ್ನಲಿಲ್ಲ. ಅದಿರಲಿ, ಬೆಳಿಗ್ಗೆ ಆಗಿದ್ದು ಹೇಳ್ತೀನಿ.

ನನ್ನ ತಲೇಲಿ ಏನೇನೋ ಕಿತಾಪತಿ ಇತ್ತು. ಅಡುಗೆಗೆ ಬೇವಿನೆಣ್ಣೆ ಸುರಿದು ಊಟವನ್ನೇ ಕೆಡಿಸೋದು, ಪಡಸಾಲೆ ಬೀಗ ಕದಿಯೋದು. ಒಂದನ್ನೂ ಮಾಡುವ ಧೈರ್ಯ ಬರಲಿಲ್ಲ. ಬೆಳಗಾದ ಕೂಡಲೆ ಅಣ್ಣನ ಮನೆಗೆ ಹೋದರೆ ಬಾಗಿಲಲ್ಲೇ ಕಾಲಿಡೋಕೆ ಜಾಗವಿಲ್ಲ. ಪಡಸಾಲೆ ತುಂಬ, ಗೋಡೆಯಿಂದ ಗೋಡೆಗೆ, ಸೊಂಟದೆತ್ತರ ಕಾಯಿ! ನಮ್ಮ ಅಟ್ಟ ನಿನಗೆ ಗೊತ್ತು, ಕಾಯಿ ವರ್ಷಗಟ್ಟಲೆ ಅಲ್ಲೇ ಕೂತು ಒಳಗಿನ ನೀರೆಲ್ಲ ಇಂಗಿ ಕೊಬ್ಬರಿಯಾಗಬೇಕು. ಆ ಅಟ್ಟವನ್ನ ಅವತ್ತೇ, ಹೊತ್ತು ಹುಟ್ಟೋ ಮುಂಚೆಯೇ ಪೂರ್ತಿ ಇಳಿಸಿಬಿಟ್ಟಿದ್ದಾರೆ. ಇಳಿಸಿದೋನು ಲಕ್ಕಯ್ಯ. ಇಳಿಸು ಅಂದೋರು ನಿಮ್ಮಮ್ಮ.

ಅಣ್ಣ ಸ್ನಾನ ಮಾಡಿ ಬಂದವರು ಹಾಗೇ ನಿಂತುಬಿಟ್ಟರು.

"ಏನೇ ಇದು! ಇವತ್ತೇ ಇಳಿಸ್ಬೇಕಿತ್ತಾ?"

"ಇಲಿ ಕಣ್ರೀ. ಒಂದಿನ ಬಿಟ್ರೂ ಎಲ್ಲಾ ಹಾಳಾಗೋದು."

"ಮತ್ತೆ ಊಟ?"

"ಅಂಗಳದಾಗೆ ಎಲೆ ಹಾಕ್ತೀನಿ ಬುಡಿ. ಅಲ್ಲಿ ನೆಳ್ಳೂ ಐತೆ."

"ಅಂಗಳದಾಗೆ..." ಅಂದರು ಅಣ್ಣ. ಅಂಗಳ ಅಂದರೆ ಲಕ್ಕಯ್ಯ ಚಿಕ್ಕಗಂಗಮ್ಮ ದಿನಾ ಕೂತು ಕೆಲಸ ಮಾಡೋ ಜಾಗ. ಅಲ್ಲಿ ಕೂರಬೇಡ ಅಂತ ಯಾರಿಗೆ ಹೇಳ್ತಾರೆ? ನನ್ನ ಕಡೆ ತಿರುಗಿ, "ಇದು ನಿನ್ನ ಕೆಲಸ ತಾನೇ ಸಿದ್ದ?" ಅಂದರು. ಜೀವನದಲ್ಲಿ ಮೊದಲನೇ ಸಲ ಅಲ್ಲ ಅಂತ ಆಣೆ ಇಟ್ಟೆ, ನಂಬಲಿಲ್ಲ. ಅತ್ತಿಗೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಳಗೆ ಹೋದರು. ನೀನು ಬರೆದ ಆ ಒಂದು ಸಾಲು ಅವರನ್ನ ಇಷ್ಟು ದಿನ ಕೂರೋಕೆ ಬಿಟ್ಟಿರಲಿಲ್ಲ ಅಂತ ಆಗ ಗೊತ್ತಾಯ್ತು.

ಏಳು ಎಲೆ ಹಾಕಿದರು. ಬೆಟ್ಟಸ್ವಾಮಿ, "ಬಾರ್ಲಾ ದುರ್ಗ, ಹೊತ್ತಾಯ್ತು" ಅಂದ. ದುರ್ಗಯ್ಯ ಗೋಡೆ ಹತ್ತಿರ ನಿಂತಿದ್ದ. ಅಪ್ಪನ ಮುಖ ನೋಡಿದ, ನಿಮ್ಮಪ್ಪನ ಮುಖ ನೋಡಿದ. ನಿಮ್ಮಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಜಗುಲಿ ಕಂಬ ಹಿಡಿದು ರಸ್ತೆ ಕಡೆ ನೋಡ್ತಾ ನಿಂತರು. ದುರ್ಗಯ್ಯ ಬಂದು ಕೊನೇ ಎಲೆಗೆ ಕೂತ. ಪಕ್ಕದ ಹುಡುಗ ತನ್ನ ಎಲೆಯನ್ನ ಒಂದಿಷ್ಟು ಆ ಕಡೆಗೆ ಎಳೆದುಕೊಂಡ. ನಾನು ನೋಡಿದೆ. ದುರ್ಗಯ್ಯನೂ ನೋಡಿದ.

ಊಟ ಆದ ಮೇಲೆ ಅತ್ತಿಗೆ ಆರತಿ ಎತ್ತಿದರು, ಎಲ್ಲರಿಗೂ ಒಂದೇ ತಟ್ಟೆ. ಅಂಗಿ ಕೊಟ್ಟರು. ಆರು ಜನಕ್ಕೆ ಕೈಗೆ ಕೊಟ್ಟರು. ಇವನಿಗೆ ಕೊಡುವಾಗ ಅವರ ಕೈ ಒಂದು ಗೇಣು ಮೇಲೇ ನಿಂತಿತು. ಬೇಕು ಅಂತ ಅಲ್ಲ ಶಾಂತು, ಆ ಕೈಗೆ ಅದೇ ಅಭ್ಯಾಸ. ಅಂಗಿ ಕೆಳಗೆ ಬಿತ್ತು, ನೆಲ ಮುಟ್ಟೋ ಮುಂಚೆ ದುರ್ಗಯ್ಯ ಹಿಡಿದ. ಹಿಡಿಯೋದರಲ್ಲಿ ಅವನಿಗೆ ಸಾಟಿ ಯಾರು. ಅತ್ತಿಗೆ ತಮ್ಮ ಕೈಯನ್ನೇ ನೋಡಿಕೊಂಡು ನಿಂತಿದ್ದರು.

ಇನ್ನೊಂದಿದೆ. ಪಂದ್ಯದ ದಿನ ಉಂಡ ಎಲೆಗಳನ್ನ ಎತ್ತಿ ತಿಪ್ಪೆಗೆ ಹಾಕೋಳು ಚಿಕ್ಕಗಂಗಮ್ಮ. ಯಾವತ್ತಿನಿಂದಲೂ ಅದು ಅವಳ ಕೆಲಸ. ಅವತ್ತೂ ಮಂಕರಿ ಹಿಡ್ಕೊಂಡು ಬಂದಳು. ತಾಯಿ ಬರೋದು ಕಂಡ ಕೂಡಲೆ ದುರ್ಗಯ್ಯ ಹೊಸ ಅಂಗಿ ಹೆಗಲಿಗೆ ಹಾಕಿಕೊಂಡು ತನ್ನ ಎಲೆ ತಾನೇ ಮಡಚಿ ಎತ್ತಿದ. ಬೆಟ್ಟಸ್ವಾಮಿ ಅಂಗಿ ತೊಟ್ಟು ಹೊರಟಿದ್ದವನು ಅದನ್ನ ನೋಡಿದ. ನಿಂತ. ವಾಪಸ್ ಬಂದು ತನ್ನ ಎಲೆ ಎತ್ತಿಕೊಂಡ. ಉಳಿದವರು ಬಸ್ ಹೊರಡ್ತದೆ ಅಂತ ಓಡಿದರು.

ಐದು ಎಲೆ ಉಳಿದವು. ಚಿಕ್ಕಗಂಗಮ್ಮ ಒಂದೊಂದಾಗಿ ಎತ್ತಿದಳು, ಎತ್ತುವಾಗ ಮಗ ಹೋದ ದಾರಿ ನೋಡ್ತಿದ್ದಳು.

ನಿನ್ನ ಪ್ರಬಂಧಕ್ಕೆ ಕೊನೆಯ ಭಾಗ ಬೇಕಲ್ಲ. ದುರ್ಗಯ್ಯ ಅಂಗಳದಲ್ಲಿ ಕೂತು ಉಂಡ ಅಂತ ಬರಿ, ಸಭೆ ಎದ್ದು ನಿಲ್ಲಲಿ. ಆ ಐದು ಎಲೆ ಮಾತ್ರ ಬಿಡಬೇಡ.

ನಿನ್ನ ಚಿಕ್ಕಪ್ಪ,
ರೇವಣಸಿದ್ದಯ್ಯ